ಚಿತ್ರದಲ್ಲಿ ಇಲ್ಲದ ಅರವತ್ತೆರಡು ಗುಂಡಿ

ನನ್ನ ದಿನಚರಿ ಪುಸ್ತಕದ ಎಂಟು ಪುಟಗಳ ಜೆರಾಕ್ಸ್ ಪ್ರತಿ ಈಗ ಸರ್ಕಾರಿ ಕಡತವೊಂದರಲ್ಲಿದೆ. ಪ್ರತಿ ಪುಟದ ಕೆಳಗೂ ‘ಮೂಲದಂತೆ ನಕಲು’ ಎಂದು ಬರೆದು ನಾನೇ ಸಹಿ ಹಾಕಿದ್ದೇನೆ. ಅದರಲ್ಲಿ ಆರು ಪುಟ ಓದಿದವರಿಗೆ ನಾನು ಶ್ರದ್ಧೆಯ ಹುಡುಗಿ ಅನ್ನಿಸಬಹುದು. ಉಳಿದ ಎರಡು ಪುಟ ಓದಿದರೆ ಏನನ್ನಿಸುತ್ತದೆ ಎನ್ನುವುದನ್ನು ನಾನು ಎದುರಿಗೆ ನಿಂತು ನೋಡಿದ್ದೇನೆ. ಆ ಎರಡು ಪುಟಗಳ ಸಲುವಾಗಿಯೇ ಇದನ್ನು ಬರೆಯುತ್ತಿದ್ದೇನೆ.

ದಿನಚರಿ ಬರೆಯುವುದು ಒಂಬತ್ತನೇ ತರಗತಿಯಿಂದ ನನಗೆ ಅಂಟಿದ ಅಭ್ಯಾಸ. ಮನಸ್ಸಿನ ಸಂಗತಿ ಬರೆಯುವುದು ಕಡಿಮೆ. ದಿನಾಂಕ, ಸಮಯ, ಎಣಿಕೆ ಹೆಚ್ಚು. ತರೀಕೆರೆಯಲ್ಲಿ ಬಸ್ಸು ಎಷ್ಟಕ್ಕೆ ಹೊರಟಿತು, ಅಜ್ಜಂಪುರ ಎಷ್ಟಕ್ಕೆ ಮುಟ್ಟಿತು, ಎಂಟನೇ ತರಗತಿಯಲ್ಲಿ ಎಷ್ಟು ಮಕ್ಕಳು ಡ್ರಾಯಿಂಗ್ ಪುಸ್ತಕ ತಂದಿದ್ದರು, ಬಿಳಿ ಬಣ್ಣದ ಟ್ಯೂಬು ಎಷ್ಟು ದಿನ ಬಂತು. ‘ಇವಳು ಎಷ್ಟು ಸಲ ಸೀನಿದೆ ಅಂತಾನೂ ಬರ್ಕೊಂಡಿರ್ತಾಳೆ ಕಣ್ರೀ’ ಎಂದು ಅಮ್ಮ ಮನೆಗೆ ಬಂದವರ ಮುಂದೆಲ್ಲ ಹೇಳುತ್ತಾಳೆ. ಒಮ್ಮೆ ಜ್ವರ ಬಂದಾಗ ನಿಜವಾಗಿಯೂ ಬರೆದಿದ್ದೆ.

ನಾನು ಅಜ್ಜಂಪುರದ ಒಂದು ಪ್ರೌಢಶಾಲೆಯಲ್ಲಿ ಚಿತ್ರಕಲೆಯ ಅತಿಥಿ ಶಿಕ್ಷಕಿ. ಕಳೆದ ವರ್ಷ ಫೆಬ್ರವರಿಯಲ್ಲಿ, ಕಡೂರಿನಲ್ಲಿ ಚಿತ್ರಕಲಾ ಶಿಕ್ಷಕರ ಪ್ರದರ್ಶನವೊಂದು ನಡೆಯಲಿದೆ, ‘ನೆಲ ಮತ್ತು ಹೆಣ್ಣು’ ಎಂಬ ವಿಷಯದ ಮೇಲೆ ಒಂದೊಂದು ಚಿತ್ರ ಕಳಿಸಬಹುದು ಎಂದು ಸುದ್ದಿ ಬಂತು. ನನ್ನ ಚಿತ್ರ ಹೇಗಿರಬೇಕೆನ್ನುವುದು ಆ ಸಂಜೆ ಬಸ್ಸು ತರೀಕೆರೆ ಮುಟ್ಟುವುದರೊಳಗೆ ತೀರ್ಮಾನವಾಗಿತ್ತು. ಬಿರುಕು ಬಿಟ್ಟ ನೆಲ, ಒಂದು ಒಣ ಮರ, ಮುಗಿಲು ನೋಡುತ್ತಾ ನಿಂತ ಹಳ್ಳಿಯ ಹೆಂಗಸು. ಕೊರತೆ ಇದ್ದದ್ದು ಹೆಂಗಸಿನದು ಮಾತ್ರ.

ಅವರನ್ನು ತೋರಿಸಿಕೊಟ್ಟದ್ದು ನನ್ನ ತರಗತಿಯ ಒಬ್ಬ ಹುಡುಗಿ. ‘ಮಿಸ್, ನಮ್ಮೂರ ದಿಣ್ಣೆ ಮ್ಯಾಲೆ ಒಬ್ಬಮ್ಮ ದಿನಾ ಗುಂಡಿ ತೋಡ್ತಾಳೆ. ಊರವ್ರೆಲ್ಲ ನಗ್ತಾರೆ’ ಅಂದಳು. ಬುಕ್ಕಾಂಬುಧಿ ಕೆರೆ ದಾಟಿ ಸ್ವಲ್ಪ ದೂರ ಹೋದರೆ ರಸ್ತೆಯ ಎಡಕ್ಕೆ ಆ ದಿಣ್ಣೆ ಸಿಗುತ್ತದೆ. ಕೆಂಪು ಗರಸು, ಅಲ್ಲಲ್ಲಿ ಬಂಡೆ, ನೆರಳಿಗೆ ಒಂದು ಪೊದೆಯೂ ಇಲ್ಲ. ಕೆಳಗಡೆ ಒಬ್ಬರ ತೆಂಗಿನ ತೋಟ. ಮಾರ್ಚ್ ಒಂಬತ್ತು, ಭಾನುವಾರ, ಹನ್ನೊಂದು ಗಂಟೆ ಹತ್ತು ನಿಮಿಷಕ್ಕೆ ನಾನು ಮೇಲೆ ಹತ್ತಿದೆ.

ಸುಮಾರು ಐವತ್ತರ ಹೆಂಗಸು. ಸೀರೆಯ ಮೇಲೆ ಗಂಡನ ತುಂಬುತೋಳಿನ ಶರ್ಟು ಹಾಕಿಕೊಂಡು, ತಲೆಗೆ ಟವಲು ಸುತ್ತಿ, ಹಾರೆಯಿಂದ ಗರಸು ಕುಟ್ಟುತ್ತಿದ್ದರು. ನನ್ನನ್ನು ನೋಡಿ ಹಾರೆಗೆ ಒರಗಿ ನಿಂತರು.

‘ಯಾರ್ ಬೇಕಾಗಿತ್ತವ್ವಾ? ಈ ಬಿಸ್ಲಾಗೆ ಬಂದಿದೀಯ.’

‘ನಿಮ್ಮ ಚಿತ್ರ ಬರೀಬೇಕು ಅಂತ ಬಂದೆ ದೊಡ್ಡಮ್ಮ.’

‘ನಂದಾ? ನಮ್ಮನೆ ಎಮ್ಮೆ ನನಗಿಂತ ಲಕ್ಷಣವಾಗೈತೆ. ಅದನ್ನ ಬರಿ ಹೋಗು.’ ಹೇಳಿ ತಾವೇ ನಕ್ಕರು. ಮುಂದಿನ ಎರಡು ಹಲ್ಲುಗಳ ನಡುವೆ ಸಂದು. ನಕ್ಕರೆ ಮುಖವೆಲ್ಲ ಹಲ್ಲು.

ಆ ದಿನ ಅವರೇ ಹೇಳಿದ ಸಂಗತಿ ಇಷ್ಟು. ದಿಣ್ಣೆ ಸರ್ಕಾರದ್ದು, ಎರಡು ಎಕರೆಗೆ ಸ್ವಲ್ಪ ಕಡಿಮೆ. ಅವರ ಅತ್ತೆಯ ಕಾಲದಿಂದ ಆ ಮನೆಯವರೇ ಅಲ್ಲಿ ಹುರುಳಿ ಬಿತ್ತುತ್ತಾ ಬಂದಿದ್ದಾರೆ. ಹಾಗೆ ಉಳುತ್ತಾ ಬಂದವರ ಹೆಸರಿಗೇ ಜಮೀನನ್ನು ಖಾತೆ ಮಾಡಿಕೊಡಿ ಎಂದು ಬಗರ್ ಹುಕುಂ ಅರ್ಜಿ ಹಾಕಿ ವರ್ಷಗಳಾಗಿವೆ. ಯಾವತ್ತಾದರೊಂದು ದಿನ ಅಧಿಕಾರಿಗಳು ಬಂದು ಸ್ಥಳ ನೋಡುತ್ತಾರೆ. ನಡುವೆ ಒಂದು ವರ್ಷ ಬೀಳು ಬಿಟ್ಟಿದ್ದರೂ ಕಷ್ಟ. ಗಂಡ ಅಜ್ಜಂಪುರದಲ್ಲಿ ಮೂಟೆ ಹೊರುವ ಕೆಲಸಕ್ಕೆ ಹೋಗುತ್ತಾರೆ, ಹೊಲದ ಕೆಲಸವೆಲ್ಲ ಇವರದು. ಹುರುಳಿಯನ್ನು ನಂಬಿದ್ದು ಸಾಕು, ಹುಣಸೆ ಸಸಿ ನೆಡೋಣ ಎಂದು ಈ ಬೇಸಿಗೆ ಗುಂಡಿ ತೋಡುತ್ತಿದ್ದಾರೆ.

‘ಸಸಿ ಇಲ್ವಲ್ಲ, ಈಗ್ಲೇ ಯಾಕೆ ಗುಂಡಿ?’ ಎಂದೆ.

‘ಗುಂಡಿಗೆ ಬಿಸ್ಲು ಕುಡಿಸ್ಬೇಕು ಕಣೇ. ಎರಡು ತಿಂಗ್ಳು ಬಾಯಿ ಬಿಟ್ಕೊಂಡು ಬಿದ್ದಿರ್ಬೇಕು. ಒಳಗಿನ ಹುಳ ಹುಪ್ಪಟೆ ಎಲ್ಲ ಸಾಯ್ಬೇಕು. ಆಮೇಲೆ ಗೊಬ್ಬರ, ಆಮೇಲೆ ಮಳೆ, ಆಮೇಲೆ ಸಸಿ. ತರೀಕೆರೆಯಾಗೆ ಚಾನಲ್ ನೀರು ಕಂಡೋರಿಗೆ ಇದೆಲ್ಲ ಏನು ಗೊತ್ತಾಯ್ತದೆ ಬಿಡು.’

ಚಿತ್ರಕ್ಕೆ ಒಪ್ಪಿದರು. ಒಂದೇ ಷರತ್ತು.

‘ನನ್ನ ಹೆಂಗಾರ ಬರ್ಕೋ. ಗುಂಡಿ ಮಾತ್ರ ಬಿಡಬ್ಯಾಡ. ಎಷ್ಟವೆಯೋ ಅಷ್ಟೂ ಬರಿ. ನಾಳೆ ದಿನ ಯಾರಾದ್ರೂ ಕೇಳಿದ್ರೆ, ನೋಡ್ರಪ್ಪಾ, ಟೀಚರಮ್ಮ ಕಣ್ಣಾರೆ ಕಂಡು ಬರ್ದವ್ಳೆ ಅಂತ ತೋರಿಸ್ತೀನಿ.’

‘ಆಯ್ತು ದೊಡ್ಡಮ್ಮ’ ಎಂದೆ. ಅವತ್ತಿನ ದಿನಚರಿಯಲ್ಲಿ ಅದೂ ಇದೆ: ‘ಗುಂಡಿ ಹತ್ತೊಂಬತ್ತು. ಎಲ್ಲವನ್ನೂ ಬರೆಯುವುದಾಗಿ ಮಾತು ಕೊಟ್ಟೆ.’

ಆರು ಭಾನುವಾರ ಹೋದೆ. ನಡುವೆ ಯುಗಾದಿಯ ಭಾನುವಾರ ಒಂದನ್ನು ಬಿಟ್ಟೆ. ಅವರು ಬಿಟ್ಟಿರಲಿಲ್ಲ, ಒಬ್ಬಟ್ಟು ತಟ್ಟಿಟ್ಟು ಬಂದು ಎರಡು ಗುಂಡಿ ತೆಗೆದಿದ್ದರಂತೆ. ಪ್ರತಿ ಸಲ ಹೋದ ತಕ್ಷಣ ಮೊದಲ ಕೆಲಸ ಗುಂಡಿ ಎಣಿಸುವುದು. ಇಪ್ಪತ್ತಾರು, ಮೂವತ್ತಮೂರು, ನಲವತ್ತಾರು, ಐವತ್ತನಾಲ್ಕು. ಏಪ್ರಿಲ್ ಇಪ್ಪತ್ತಕ್ಕೆ ಅರವತ್ತೆರಡು. ದಿಣ್ಣೆಯ ನಕಾಶೆಯೊಂದನ್ನು ಪುಸ್ತಕದಲ್ಲಿ ಬರೆದುಕೊಂಡು, ಗುಂಡಿಗೊಂದು ಚುಕ್ಕೆ ಇಡುತ್ತಾ ಹೋದೆ. ನಾಲ್ಕನೇ ಸಾಲಿನಲ್ಲಿ ಬಂಡೆ ಅಡ್ಡ ಬಂದು ಎರಡು ಗುಂಡಿಯಷ್ಟು ಜಾಗ ಖಾಲಿ ಬಿಟ್ಟಿದ್ದು, ಕೊನೆಯ ಸಾಲು ಸೊಟ್ಟಗಾದದ್ದು, ಎಲ್ಲ ಅದರಲ್ಲಿ ಇದೆ. ಇದು ಚಿತ್ರಕ್ಕೆ ಬೇಕಾಗಿದ್ದ ಕೆಲಸವಲ್ಲ. ಎಣಿಸುವಂಥದ್ದು ಕಣ್ಣಿಗೆ ಬಿದ್ದರೆ ನನ್ನ ಕೈ ಸುಮ್ಮನಿರುವುದಿಲ್ಲ, ಅಷ್ಟೆ. ದೊಡ್ಡಮ್ಮನಿಗೆ ಮಾತ್ರ ಆ ಚುಕ್ಕೆಗಳ ಮೇಲೆ ಬಹಳ ನಂಬಿಕೆ. ‘ಇವತ್ತಿಂದು ಹಾಕ್ದಾ? ಮ್ಯಾಲಿಂದು ಬಿಟ್ಟೀಯ’ ಎಂದು ಹಾರೆ ಹಿಡಿದುಕೊಂಡೇ ಕೂಗುತ್ತಿದ್ದರು.

ಎರಡನೇ ಭಾನುವಾರ ಅವರಿಗೆ ಶರ್ಟು ಬಿಚ್ಚಲು ಹೇಳಿದೆ. ‘ತೋಳು ಸುಡ್ತದಲ್ಲೇ’ ಎಂದರು, ಬಿಚ್ಚಿದರು. ಮೂರನೇ ಭಾನುವಾರ ಅವರು ಬಾಟಲಿ ಎತ್ತಿ, ತುಟಿಗೆ ತಾಗಿಸದೆ, ಕತ್ತು ಹಿಂದಕ್ಕೆ ವಾಲಿಸಿ ನೀರು ಸುರಿದುಕೊಂಡರು. ಕತ್ತಿನ ನರ, ಅರೆ ಮುಚ್ಚಿದ ಕಣ್ಣು, ತೆರೆದ ಬಾಯಿ. ನನಗೆ ಬೇಕಾದ ಭಂಗಿ ಅದೇ. ‘ಹಾಗೇ ಇರಿ’ ಎಂದೆ. ನೀರು ಖಾಲಿಯಾದ ಮೇಲೂ ಪಾಪ ಬಾಟಲಿ ಎತ್ತಿಕೊಂಡು ನಿಂತೇ ಇದ್ದರು. ನಾನು ಫೋನಿನಲ್ಲಿ ತೆಗೆದ ಫೋಟೊ ಎರಡೇ ಎರಡು, ಎರಡೂ ಮುಖದವು. ಗುಂಡಿ ಬರದ ಹಾಗೆ ಹತ್ತಿರದಿಂದ ಹಿಡಿದಿದ್ದೆ.

ತರೀಕೆರೆಯ ಮನೆಯಲ್ಲಿ ಚಿತ್ರ ಮುಗಿಯಿತು. ಅದರಲ್ಲಿ ಒಂದು ಗುಂಡಿಯೂ ಇರಲಿಲ್ಲ. ಬಾಟಲಿ ಇರಲಿಲ್ಲ, ಬಾಟಲಿ ಎತ್ತಿದ ಕೈ ಇರಲಿಲ್ಲ. ನೀರು ಕುಡಿಯುತ್ತಿದ್ದ ಹೆಂಗಸು ಆಕಾಶಕ್ಕೆ ಬಾಯಿ ತೆರೆದು ನಿಂತಿದ್ದಳು. ಕಾಲ ಕೆಳಗೆ ನೆಲ ಬಿರುಕು ಬಿಟ್ಟಿತ್ತು.

ಕೊನೆಯ ಭಾನುವಾರ ಅವರು ಕೇಳಿದರು: ‘ಎಲ್ಲಿ, ತೋರ್ಸು?’

‘ಇನ್ನೂ ಬಣ್ಣ ಒಣಗಿಲ್ಲ ದೊಡ್ಡಮ್ಮ. ಒಣಗಿದ ಮೇಲೆ ತಂದು ತೋರಿಸ್ತೀನಿ.’

ಚಿತ್ರ ಒಣಗಿ ಆಗ ಐದು ದಿನವಾಗಿತ್ತು.

ಕಡೂರಿನಲ್ಲಿ ಅದಕ್ಕೆ ಎರಡನೇ ಬಹುಮಾನ ಬಂತು. ಒಂದು ಪತ್ರಿಕೆಯವರು ಬಂದು ಮಾತಾಡಿಸಿದರು. ಯಾವ ಊರಿನ ಹೆಂಗಸು ಎಂದು ಕೇಳಿದಾಗ ಊರು ಹೇಳಿದೆ. ಏನು ನೋಡುತ್ತಿದ್ದಾಳೆ ಎಂದು ಕೇಳಿದಾಗ, ‘ಎಲ್ಲ ಕಳೆದುಕೊಂಡು ಮಳೆಗಾಗಿ ಮುಗಿಲು ನೋಡುತ್ತಿದ್ದಾಳೆ’ ಎಂದೆ. ನನ್ನ ಮಾತು ನನಗೇ ಚೆನ್ನಾಗಿ ಕೇಳಿಸಿತು. ಪತ್ರಿಕೆಯಲ್ಲಿ ಚಿತ್ರ, ಊರಿನ ಹೆಸರು, ಆ ಮಾತು, ಮೂರೂ ಬಂದವು. ಕತ್ತರಿಸಿ ದಿನಚರಿಗೆ ಅಂಟಿಸಿದೆ.

ಆಮೇಲೆ ನಾನು ದಿಣ್ಣೆಗೆ ಹೋಗಲಿಲ್ಲ. ಪರೀಕ್ಷೆಯ ಕೆಲಸಕ್ಕೆ, ಕ್ರೀಡಾಕೂಟಕ್ಕೆ ಎಂದು ಆ ರಸ್ತೆಯಲ್ಲಿ ಒಂದು ವರ್ಷದಲ್ಲಿ ಹದಿನಾಲ್ಕು ಸಲ ಹೋದದ್ದು ದಿನಚರಿಯಲ್ಲಿದೆ. ಹೋಗುವಾಗ ದಿಣ್ಣೆ ಎಡಕ್ಕೆ ಬರುತ್ತದೆ. ಹದಿನಾಲ್ಕೂ ಸಲ ನಾನು ಬಲಗಡೆಯ ಸೀಟಿನಲ್ಲಿ ಕೂತಿದ್ದೆ. ಆ ಹುಡುಗಿ ತರಗತಿಯಲ್ಲಿ ಮೂರು ಸಲ ಹೇಳಿದಳು, ‘ಮಿಸ್, ಆ ಅಮ್ಮ ಬಣ್ಣ ಒಣಗ್ತಾ ಅಂತ ಕೇಳ್ತಿತ್ತು.’ ಮೂರು ಸಲವೂ ‘ಹೇಳ್ತೀನಿ’ ಅಂದೆ.

ಈ ವರ್ಷ ಜುಲೈ ಮೊದಲ ವಾರ, ಮಧ್ಯಾಹ್ನದ ಊಟದ ಹೊತ್ತಿಗೆ, ಶಾಲೆಯ ಗೇಟಿನ ಹತ್ತಿರ ದೊಡ್ಡಮ್ಮ ನಿಂತಿದ್ದರು. ಒಳ್ಳೆಯ ಸೀರೆ ಉಟ್ಟಿದ್ದರು. ಬೈಯುತ್ತಾರೆ ಅಂದುಕೊಂಡೆ. ಬೈಯಲಿಲ್ಲ. ಸೆರಗಿನ ಗಂಟಿನಿಂದ ಒಂದು ಕಾಗದ ಬಿಚ್ಚಿದರು. ಪತ್ರಿಕೆಯ ಆ ತುಂಡಿನ ಜೆರಾಕ್ಸ್.

‘ಇದು ನಾನೇನಾ ನೋಡು. ಮುಖ ನಂದೇ ಅಂತಾರೆ ಎಲ್ಲಾರೂ. ಆದ್ರೆ ನೆಲ ಯಾವ್ದೇ ಇದು? ಕೆರೆ ಅಂಗಳ ಇದ್ದಂಗೈತೆ. ನಮ್ಮ ಗರಸು ದಿಣ್ಣೆ ಎಲ್ಲಾರ ಬಿರೀತದಾ?’

ಅವರೇ ಮುಂದುವರಿಸಿದರು. ಶುಕ್ರವಾರ ಅಧಿಕಾರಿಗಳು ಸ್ಥಳ ನೋಡಲು ಬರುತ್ತಾರೆ. ಕೆಳಗಿನ ತೆಂಗಿನ ತೋಟದ ಯಜಮಾನರು ತಕರಾರು ಕೊಟ್ಟಿದ್ದಾರೆ. ಅವರ ದನ ಕುರಿ ಮೇಯುವುದಕ್ಕೆ ಆ ದಿಣ್ಣೆ ಬೇಕು. ‘ಹೋದ ವರ್ಷ ಈಯಮ್ಮ ಜಮೀನು ಬೀಳು ಬಿಟ್ಟಿತ್ತು. ಹುರುಳಿನೂ ಹಾಕಿರಲಿಲ್ಲ. ಸಾಹೇಬರು ಬರ್ತಾರೆ ಅಂತ ಗೊತ್ತಾಗಿ ಹೋದ ತಿಂಗಳು ಸಸಿ ತಂದು ಸಿಗಿಸೈತೆ. ಸಾಕ್ಷಿ ಬೇಕಾದ್ರೆ ಪೇಪರ್ ನೋಡಿ’ ಎನ್ನುವುದು ಅವರ ವಾದ. ಹುಣಸೆ ನೆಡುವುದಕ್ಕಾಗಿ ಆ ವರ್ಷ ಹುರುಳಿ ಬಿಟ್ಟದ್ದು ನಿಜ. ಹೋದ ಮಳೆಗಾಲದಲ್ಲೇ ನೆಟ್ಟ ಸಸಿಗಳನ್ನು ಆಡುಗಳು ಕಡಿದು, ಈ ಮಳೆಗೆ ಮತ್ತೆ ಚಿಗುರಿದ್ದರಿಂದ ಅವು ಇನ್ನೂ ಮೊಣಕಾಲೆತ್ತರವೇ ಇದ್ದವು. ಹೋದ ತಿಂಗಳು ನೆಟ್ಟವು ಎಂದರೆ ನಂಬುವ ಹಾಗೆ. ಊರಿನ ಉಳಿದವರು ಯಾರ ಕಡೆಯೂ ಮಾತಾಡಲು ತಯಾರಿರಲಿಲ್ಲ.

‘ನೀನು ಎಣಿಸಿ ಬರ್ಕೋತಿದ್ದೆಯಲ್ಲಾ, ಆ ಪುಸ್ತಕ ಐತಾ?’ ಎಂದು ಕೇಳಿದರು. ‘ಚಿತ್ರ ಹಾಳಾಗ್ಲಿ. ಪುಸ್ತಕ ಐತಾ?’

ಇಲ್ಲ ಅನ್ನಬಹುದಿತ್ತು. ಒಂದು ಕ್ಷಣ ಬಾಯಿಗೆ ಬಂದಿತ್ತು ಕೂಡ. ‘ಇದೆ’ ಎಂದೆ.

ಶುಕ್ರವಾರ ರಜೆ ಹಾಕಿದೆ. ಬೆಳಿಗ್ಗೆ ಹೊರಡುವ ಮುಂಚೆ ಒಂದು ಬಿಳಿ ಹಾಳೆಯ ಮೇಲೆ ಆರು ದಿನಾಂಕಗಳನ್ನೂ ಅವುಗಳ ಮುಂದೆ ಗುಂಡಿಯ ಎಣಿಕೆಯನ್ನೂ ಅಚ್ಚುಕಟ್ಟಾಗಿ ನಕಲು ಮಾಡಿದೆ. ಬೇರೇನೂ ಬರೆಯಲಿಲ್ಲ. ಪುಸ್ತಕವನ್ನು ಚೀಲದ ತಳದಲ್ಲಿಟ್ಟೆ. ಹಾಳೆಯಲ್ಲೇ ಕೆಲಸ ಮುಗಿದರೆ ಪುಸ್ತಕ ತೆಗೆಯುವ ಅಗತ್ಯ ಬರುವುದಿಲ್ಲ ಎನ್ನುವುದು ನನ್ನ ಎಣಿಕೆ.

ದಿಣ್ಣೆಯ ಮೇಲೆ ಹದಿನೈದು ಇಪ್ಪತ್ತು ಜನ ಸೇರಿದ್ದರು. ಕಂದಾಯದ ಅಧಿಕಾರಿ ಮಧ್ಯವಯಸ್ಸಿನವರು, ಟೋಪಿ ಹಾಕಿಕೊಂಡು ಬಂಡೆಯ ಮೇಲೆ ಕೂತಿದ್ದರು. ತೋಟದ ಯಜಮಾನರು ಪತ್ರಿಕೆಯ ತುಂಡನ್ನು ಗಾಜಿನ ಹಾಗೆ ಪ್ಲಾಸ್ಟಿಕ್ ಹಾಕಿಸಿ ತಂದಿದ್ದರು.

‘ನಾನೇನು ಬರೆದ್ನಾ ಸಾಹೇಬ್ರೆ? ಓದಿರೋ ಟೀಚರಮ್ಮ ಬರ್ದವ್ರೆ. ಅಲ್ಲೇ ನಿಂತವ್ರೆ, ಕೇಳಿ.’

‘ಇದು ನಿಮ್ಮ ಚಿತ್ರಾನಾ ಮೇಡಂ?’ ಎಂದು ಅಧಿಕಾರಿ ಕೇಳಿದರು.

‘ಹೌದು ಸರ್. ಆದರೆ ಗುಂಡಿ ಇದ್ದವು. ನಾನು ಎಣಿಸಿದ್ದೆ.’ ಹಾಳೆಯನ್ನು ಕೊಟ್ಟೆ.

ಅವರು ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. ‘ಇಂಕಿನ ವಾಸನೆ ಇನ್ನೂ ಹೋಗಿಲ್ಲ. ಇವತ್ತು ಬೆಳಿಗ್ಗೆ ಬರೆದದ್ದು ತಾನೇ? ಮೂಲ ಎಲ್ಲಿದೆ?’

ಚೀಲದ ತಳದಿಂದ ಪುಸ್ತಕ ತೆಗೆದೆ. ಅವರು ಕನ್ನಡಕ ಏರಿಸಿ ಇಳಿಸಿ ನೋಡಿ ಸೋತರು. ನನ್ನ ಅಕ್ಷರ ಇರುವೆ ಸಾಲಿನ ಹಾಗೆ. ಅದರಲ್ಲೂ ಅರ್ಧ ಪದ ಬರೆದು ಚುಕ್ಕೆ ಇಡುವ ಚಾಳಿ. ‘ನೀವೇ ಓದಿ. ಎಲ್ಲರಿಗೂ ಕೇಳಲಿ’ ಎಂದರು.

ಓದಿದೆ. ಮಾರ್ಚ್ ಒಂಬತ್ತು, ಬಸ್ಸು ಒಂಬತ್ತು ಇಪ್ಪತ್ತು, ಗುಂಡಿ ಹತ್ತೊಂಬತ್ತು. ಮಾರ್ಚ್ ಹದಿನಾರು, ಗುಂಡಿ ಇಪ್ಪತ್ತಾರು. ಪ್ರತಿ ಎಣಿಕೆಗೂ ದೊಡ್ಡಮ್ಮ ತಲೆ ಆಡಿಸುತ್ತಿದ್ದರು, ಪಾಠ ಒಪ್ಪಿಸುತ್ತಿರುವ ಮಗುವಿಗೆ ಆಡಿಸುವ ಹಾಗೆ. ಏಪ್ರಿಲ್ ಇಪ್ಪತ್ತರ ಪುಟಕ್ಕೆ ಬಂದೆ. ‘ಗುಂಡಿ ಅರವತ್ತೆರಡು. ಎಲ್ಲ ಮುಗಿಯಿತು’ ಎಂದು ಓದಿ ಪುಸ್ತಕ ಮುಚ್ಚಿದೆ.

‘ಅಲ್ಲಿ ಇನ್ನೂ ಬರ್ದೈತಲ್ಲಾ?’ ಎಂದರು ನನ್ನ ಹೆಗಲ ಹಿಂದೆ ನಿಂತಿದ್ದ ತೋಟದ ಯಜಮಾನರು. ‘ಆ ಪುಟ ಪೂರ್ತಿ ತುಂಬೈತೆ, ಈಚೆ ಪುಟನೂ ತುಂಬೈತೆ. ಬೇಕಾದ್ದು ಓದಿ ಬ್ಯಾಡಾದ್ದು ಬಿಟ್ರೆ ಹೆಂಗೆ? ಪೂರ್ತಿ ಓದ್ಲಿ ಸಾಹೇಬ್ರೆ.’

‘ಅದು ನನ್ನ ಸ್ವಂತದ್ದು’ ಎಂದೆ.

ಅಧಿಕಾರಿ ಮೆತ್ತಗೆ ಹೇಳಿದರು: ‘ಸ್ವಂತದ್ದಾದ್ರೆ ಬಿಡಿ, ಬಲವಂತ ಇಲ್ಲ. ಆದ್ರೆ ಅರ್ಧ ಓದಿದ ಪುಸ್ತಕವನ್ನ ನಾನು ಮಹಜರಲ್ಲಿ ಬರೆಯೋಕೆ ಆಗಲ್ಲ.’

ದೊಡ್ಡಮ್ಮ ನನ್ನ ಕಡೆ ನೋಡಿದರು. ‘ಓದೇ ಮಗಾ. ಅದ್ರಾಗೇನೈತೆ? ನಾನು ಬೈದಿದ್ದು ಬರ್ಕೊಂಡೀಯ ಅಂತ ಹೆದ್ರಿಕೇನಾ?’ ಎಂದು ನಕ್ಕರು.

ಮತ್ತೆ ತೆಗೆದೆ. ನಾನು ಓದಿದ್ದನ್ನು ಇಲ್ಲಿ ಒಂದು ಅಕ್ಷರವೂ ಬದಲಿಸದೆ ಬರೆಯುತ್ತೇನೆ.

‘ಗುಂಡಿ ಅರವತ್ತೆರಡು. ಎಲ್ಲ ಮುಗಿಯಿತು. ಚಿತ್ರದಲ್ಲಿ ಸೊನ್ನೆ. ಗುಂಡಿ ಇದ್ದರೆ ನೆಲ ಬಂಜರು ಅನ್ನಿಸುವುದಿಲ್ಲ, ಯಾರೋ ಏನೋ ಕೆಲಸ ಹಚ್ಚಿಕೊಂಡಿದ್ದಾರೆ ಅನ್ನಿಸುತ್ತದೆ. ತೆಗೆದದ್ದು ಒಟ್ಟು ಒಂಬತ್ತು: ಗುಂಡಿ, ಹಾರೆ, ಶರ್ಟು, ಚಪ್ಪಲಿ, ನೀರಿನ ಬಾಟಲಿ, ಬಾಟಲಿ ಹಿಡಿದ ಕೈ, ಕರೆಂಟು ಕಂಬ, ಕೆಳಗಿನ ತೆಂಗಿನ ತೋಟ, ನಗು. ಸೇರಿಸಿದ್ದು ಮೂರು: ನೆಲದ ಬಿರುಕು, ಒಣ ಮರ, ಸೀರೆಯ ಹರಕು.’

‘ತೋಟ?’ ಎಂದರು ಯಜಮಾನರು. ‘ನನ್ನ ತೋಟಾನೂ ತೆಗ್ದುಬಿಟ್ರಾ? ಫಲ ಬಿಡೋ ತೋಟ ಕಣಮ್ಮಾ ಅದು!’

ಅಧಿಕಾರಿ ಪ್ಲಾಸ್ಟಿಕ್ ಹಾಕಿಸಿದ ತುಂಡನ್ನು ಎತ್ತಿ ಹಿಡಿದು, ಕೆಳಗಿನ ತೆಂಗಿನ ಮರಗಳ ಕಡೆಗೊಮ್ಮೆ ಅದರ ಕಡೆಗೊಮ್ಮೆ ನೋಡಿದರು. ‘ಏನ್ ಯಜಮಾನ್ರೆ, ಹೋದ ವರ್ಷ ನಿಮ್ಮ ತೋಟಾನೂ ಇರ್ಲಿ‌ಲ್ಲ ಅಂತ ಬರ್ಕೊಳ್ಳಾ? ನಿಮ್ಮ ಸಾಕ್ಷೀನೇ ಹೇಳ್ತಿದೆ.’

ಜನ ಗೊಳ್ಳೆಂದು ನಕ್ಕರು. ಅಲ್ಲಿಗೆ ಮುಗಿಯಬಹುದಿತ್ತು. ಆದರೆ ಈಚೆಯ ಪುಟ ಉಳಿದಿತ್ತು, ಪೂರ್ತಿ ಓದಬೇಕು ಎಂದು ಮಾತಾಗಿತ್ತು.

‘ಮುಖದಲ್ಲಿ ದುಃಖ ಸಾಲದಾಗಿತ್ತು. ಹೆಂಗಸು ಸುಮ್ಮಸುಮ್ಮನೆ ನಗುತ್ತಾಳೆ, ಹಲ್ಲು ಮುಚ್ಚಿಸಿದ ಮೇಲೆ ಸರಿಹೋಯಿತು. ಶರ್ಟು ಬಿಚ್ಚಿಸಿದ ಮೇಲೆ ನೋಡಲು ಪಾಪ ಅನ್ನಿಸುತ್ತಾಳೆ. ಅವಳಿಗೆ ಚಿತ್ರ ತೋರಿಸಬಾರದು. ಮತ್ತೆ ಕೇಳಿದರೂ ಬಣ್ಣ ಒಣಗಿಲ್ಲ ಅನ್ನುವುದು.’

ನಗು ನಿಂತಿತು. ಆರು ಭಾನುವಾರ ದೊಡ್ಡಮ್ಮ, ದೊಡ್ಡಮ್ಮ ಎಂದು ಕರೆದು ಅವರ ಬುತ್ತಿಯ ರೊಟ್ಟಿ ತಿಂದಿದ್ದ ನನ್ನ ಬಾಯಲ್ಲಿ ಆ ‘ಹೆಂಗಸು’, ಆ ‘ಅವಳು’ ಎಲ್ಲರಿಗೂ ಕೇಳಿಸಿದ್ದವು. ನಾನು ಪುಸ್ತಕದಿಂದ ತಲೆ ಎತ್ತಲಿಲ್ಲ.

‘ಒಣಗಿಲ್ಲ ಅಂದಿದ್ದು ಸುಳ್ಳಾ?’ ಎಂದರು ದೊಡ್ಡಮ್ಮ.

‘ಹೌದು.’

ಅವರು ನನಗಲ್ಲ, ಸುತ್ತ ನಿಂತಿದ್ದವರಿಗೆ ಹೇಳುವ ಹಾಗೆ ಹೇಳಿದರು: ‘ಗೋಡೆಗೆ ಬಣ್ಣ ಹೊಡಿಯೋ ಹುಡುಗನ್ನ ಕೇಳಿದ್ದೆ, ಬಣ್ಣ ಒಣಗಾಕೆ ಎಷ್ಟು ದಿನ ಬೇಕಪ್ಪಾ ಅಂತ. ಒಂದಿನ ಸಾಕು ಅಂದ. ನಾನೇ ಅವನ ಕೂಡೆ ಜಗಳ ಆಡ್ದೆ. ಅದು ಗೋಡೆ ಬಣ್ಣ ಅಲ್ಲ ಕಣೋ, ಓದಿರೋರ ಬಣ್ಣ, ಮಳೆಗಾಲ ಬೇರೆ, ತಡ ಆಯ್ತದೆ ಅಂತ.’

ತೋಟದ ಯಜಮಾನರು ಕೂಡ ನೆಲ ನೋಡುತ್ತಿದ್ದರು.

ಆಮೇಲೆ ಅಧಿಕಾರಿ ಎದ್ದು, ನನ್ನ ನಕಾಶೆಯ ಪುಟವನ್ನು ಹಿಡಿದುಕೊಂಡು ಸಾಲಿನುದ್ದಕ್ಕೂ ನಡೆದರು. ಚುಕ್ಕೆ ಇದ್ದಲ್ಲಿ ಸಸಿ, ಅಥವಾ ಒಣಗಿದ ಸಸಿಯ ಗುಳಿ. ನಾಲ್ಕನೇ ಸಾಲಿನಲ್ಲಿ ಬಂಡೆ, ಎರಡು ಜಾಗ ಖಾಲಿ. ಕೊನೆಯ ಸಾಲು ಸೊಟ್ಟ. ‘ತನಗೇ ಮರ್ಯಾದೆ ಹೋಗೋಂಥದ್ದನ್ನ ಯಾರೂ ಕಟ್ಟಿ ಬರೆಯಲ್ಲ ಬಿಡಿ’ ಎಂದು ಜೊತೆಯವರಿಗೆ ಹೇಳಿದ್ದು ನನಗೂ ಕೇಳಿಸಿತು. ಹಿಂದಿನ ವರ್ಷವೇ ಗುಂಡಿ ತೆಗೆದು ಸಸಿ ನೆಡಲಾಗಿದೆ, ಜಮೀನು ಬೀಳು ಬಿದ್ದಿಲ್ಲ ಎಂದು ಮಹಜರು ಬರೆದರು. ಖಾತೆ ಆಗುವುದು ಇನ್ನೂ ಮೇಲಿನವರ ತೀರ್ಮಾನ, ಇವತ್ತಿಗೂ ಬಂದಿಲ್ಲ. ಆದರೆ ತಕರಾರು ಅಲ್ಲಿಗೆ ಬಿದ್ದುಹೋಯಿತು. ಸಾಕ್ಷಿಯ ಜಾಗದಲ್ಲಿ ಸಹಿ ಹಾಕಿದೆ. ವೃತ್ತಿ ಎಂಬಲ್ಲಿ ‘ಕಲಾವಿದೆ’ ಎಂದು ಬರೆಯುವುದು ನನ್ನ ಅಭ್ಯಾಸ. ಆ ದಿನ ‘ಅತಿಥಿ ಶಿಕ್ಷಕಿ’ ಎಂದು ಬರೆದೆ.

ಹೊರಡುವಾಗ ದೊಡ್ಡಮ್ಮನ ಹತ್ತಿರ ಹೋದೆ. ತಪ್ಪಾಯಿತು ಎನ್ನುವ ಮೊದಲೇ ಅವರು, ‘ಈಗ ಒಣಗೈತಲ್ಲ, ಬರೋ ಭಾನ್ವಾರ ತಂದು ತೋರ್ಸು’ ಎಂದು ಕೊಡ ಎತ್ತಿಕೊಂಡು ಸಸಿಗಳ ಕಡೆ ಹೋದರು.

ಭಾನುವಾರ ಹಳೇ ಬೆಡ್‌ಶೀಟಿನಲ್ಲಿ ಸುತ್ತಿ ಒಯ್ದೆ. ಬಂಡೆಗೆ ಒರಗಿಸಿ ಬಟ್ಟೆ ತೆಗೆದೆ. ಅವರು ಶರ್ಟಿನ ತೋಳಿಗೆ ಕೈ ಒರೆಸಿಕೊಂಡು ಕುಕ್ಕರುಗಾಲಿನಲ್ಲಿ ಕೂತು ನೋಡಿದರು. ಪತ್ರಿಕೆಯಲ್ಲಿ ಅದು ಅಂಗೈಯಷ್ಟಿತ್ತು. ಇಲ್ಲಿ ಅವರ ಮುಖ ಅವರ ಮುಖದಷ್ಟೇ ದೊಡ್ಡದು. ಬಹಳ ಹೊತ್ತಿನ ಮೇಲೆ ಚಿತ್ರದ ಕತ್ತಿನ ಹತ್ತಿರ ಬೆರಳು ಒಯ್ದರು, ಮುಟ್ಟಲಿಲ್ಲ.

‘ನೀರು ಕುಡೀತಾ ಇದೀನಿ’ ಎಂದರು. ‘ಗಂಟ್ಲು ನೋಡು. ಬಾಟ್ಲಿ ಎಲ್ಲೇ?’

ಕಡೂರಿನಲ್ಲಿ ಆ ಚಿತ್ರವನ್ನು ನೋಡಿದವರು ಎಷ್ಟೋ ಜನ. ತೀರ್ಪುಗಾರರು ಮೂವರು. ಅದು ನೀರು ಕುಡಿಯುವ ಗಂಟಲು ಎಂದು ಯಾರೂ ಹೇಳಿರಲಿಲ್ಲ.

‘ಬಾಟಲಿ, ಗುಂಡಿ ಎಲ್ಲಾ ಬರೆದು ಕೊಡ್ತೀನಿ ದೊಡ್ಡಮ್ಮ. ಇಲ್ಲೇ ಬಿಟ್ಟು ಹೋಗ್ತೀನಿ, ನಿಮ್ಮ ಮನೇಲಿರಲಿ.’

‘ಬ್ಯಾಡ. ತಗೊಂಡೋಗು. ನಮ್ಮನೆಯೋರು ನೋಡಿದ್ರೆ ಇವ್ಳು ಯಾವಾಗ ಇಂಗಾದ್ಲು ಅಂತ ಗಾಬ್ರಿ ಆಯ್ತಾರೆ.’ ನಗಲಿಲ್ಲ. ‘ಗುಂಡಿ ಈಗ ಎಲ್ಲವೆ ಬರಿಯಾಕೆ? ನೀನು ವರ್ಷಕ್ಕೊಂದ್ಸಲ ಬಾ. ಬಂದು ಗಿಡ ಎಣಿಸಿ ಬರ್ಕೊಂಡು ಹೋಗು. ಸಾಹೇಬ್ರು ಮತ್ತೆ ಕೇಳಿದ್ರೆ ಇರ್ಬೇಕು. ಅದು ನಿಂಗೆ ಬತ್ತದೆ.’

ಬಟ್ಟೆ ಸುತ್ತಿ ಚಿತ್ರವನ್ನು ಬದಿಗಿಟ್ಟೆ. ಪುಸ್ತಕ ತೆಗೆದು ಮೊದಲ ಸಾಲಿನಿಂದ ಶುರು ಮಾಡಿದೆ. ಅವರು ನನ್ನ ಜೊತೆಗೇ ಬಂದರು. ಒಂದೊಂದು ಗಿಡದ ಹತ್ತಿರವೂ ನಾನು ಚುಕ್ಕೆ ಇಡುವ ತನಕ ನಿಂತು, ಆಮೇಲೆ ಮುಂದಿನದಕ್ಕೆ ನಡೆದರು. ಐವತ್ತೇಳು ಬದುಕಿದ್ದವು, ಐದು ಒಣಗಿದ್ದವು. ಎಂದಿನ ಹಾಗೆ ಬರೆಯಲು ಹೊರಟಾಗ ತಡೆದರು.

‘ದಪ್ಪಕ್ಷರದಾಗೆ ಬರಿ. ನಾನೂ ಓದ್ಕೋಬೇಕು.’

ಮೂರನೇ ಕ್ಲಾಸಿನವರೆಗೆ ಓದಿದವರು ಅವರು. ಹೊಸ ಪುಟದಲ್ಲಿ ದಪ್ಪ ಅಕ್ಷರದಲ್ಲಿ ದಿನಾಂಕ ಬರೆದೆ. ಕೆಳಗೆ, ‘ಹುಣಸೆ ಗಿಡ ಐವತ್ತೇಳು. ಒಣಗಿದ್ದು ಐದು’ ಎಂದು ಬರೆದು ಕೊಟ್ಟೆ. ಅವರು ಅಕ್ಷರದ ಕೆಳಗೆ ಬೆರಳಿಟ್ಟು, ತುಟಿ ಆಡಿಸುತ್ತಾ, ಕೊನೆಯ ಚುಕ್ಕೆಯವರೆಗೂ ಓದಿದರು. ಆಮೇಲೆ ಹಾಳೆ ಮಗುಚಿ, ಹಿಂದೆ ಇನ್ನೇನಾದರೂ ಬರೆದಿದ್ದೇನೆಯೇ ಎಂದು ನೋಡಿದರು. ಖಾಲಿ ಇತ್ತು. ಪುಸ್ತಕವನ್ನು ನನ್ನ ಕೈಗೆ ಕೊಟ್ಟರು.